ಕ್ಲೀನಿಂಗ್‌ನವ್ರು ಬರೋ ಹಿಂದಿನ ರಾತ್ರಿ: ಒಂದು ಆಪ್ತಸಲಹೆ ಪ್ರಕರಣ

ಕ್ಲೈಂಟ್ ಹತ್ರ ಕೇಳಿ, ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ. ಹೆಸರು, ವಯಸ್ಸು, ಕೆಲಸ, ದಿನ ಎಲ್ಲ ಬದಲಾಯಿಸಿದೀನಿ, ಗುರುತು ಸಿಗೋ ವಿವರ ಬಿಟ್ಟಿದೀನಿ. ಇಲ್ಲಿ ಅವ್ರನ್ನ ಮಾಲತಿ ಅಂತ ಕರೀತೀನಿ.

ಮಾಲತಿ ಬಂದಿದ್ದು ನಿದ್ದೆ ಬರಲ್ಲ ಅಂತ. ಅದೂ ವಾರದಲ್ಲಿ ಒಂದೇ ರಾತ್ರಿ, ಪ್ರತಿ ಬುಧವಾರ. ಬುಧವಾರ ಏನಿರುತ್ತೆ ಅಂತ ಕೇಳ್ದೆ. ಸ್ವಲ್ಪ ಹೊತ್ತು ಬ್ಯಾಗಿನ ಜಿಪ್ ಎಳೀತಾ ಬಿಡ್ತಾ ಕೂತಿದ್ರು, ಆಮೇಲೆ "ಹೇಳಿದ್ರೆ ನಗ್ತೀರ ಮೇಡಂ, ಗುರುವಾರ ಬೆಳಿಗ್ಗೆ ಮನೆ ಕ್ಲೀನ್ ಮಾಡೋಕೆ ಒಬ್ರು ಅಕ್ಕ ಬರ್ತಾರೆ, ಅವ್ರು ಬರ್ತಾರೆ ಅಂತ ನಾನು ಬುಧವಾರ ರಾತ್ರಿ ಕೂತು ಮನೆ ಕ್ಲೀನ್ ಮಾಡ್ತೀನಿ" ಅಂದ್ರು. ನಾನು ನಗ್ಲಿಲ್ಲ. ಮನೇಲಿ, ಆಫೀಸಲ್ಲಿ, ಅಕ್ಕತಂಗೀರ ಹತ್ರ ಎಲ್ಲಿ ಹೇಳಿದ್ರೂ ಜನ ನಕ್ಕಿದ್ರಂತೆ, ನಗೋದ್ರಲ್ಲಿ ತಪ್ಪೇನೂ ಇಲ್ಲ, ಅವ್ರೂ ಅದನ್ನೇ ಮಾಡ್ತಿರ್ತಾರೆ. ಆದ್ರೆ ಆ ನಗುಗೇ ಮಾಲತಿ ಒಂದು ವರ್ಷ ಇದರ ಬಗ್ಗೆ ಬಾಯಿ ಬಿಟ್ಟಿರ್ಲಿಲ್ಲ.

ಶುರುವಲ್ಲಿ ಇಷ್ಟೇ ಇತ್ತಂತೆ: ಸೋಫಾ ಮೇಲಿನ ಬಟ್ಟೆ ಮಡಚಿಡೋದು, ಮಕ್ಕಳ ಆಟದ ಸಾಮಾನು ಬುಟ್ಟಿಗೆ ಹಾಕೋದು, ಒಂದು ಹತ್ತು ಹದಿನೈದು ನಿಮಿಷ. ಆಮೇಲೆ ಸಿಂಕ್ ಸೇರ್ಕೊಂಡ್ತು, ಆಮೇಲೆ ಒಲೆ, ಆಮೇಲೆ ಬಾತ್‌ರೂಮ್ ಕನ್ನಡಿ. ನನ್ನ ಹತ್ರ ಬರೋ ಹೊತ್ತಿಗೆ ರಾತ್ರಿ ಒಂದೂವರೆ ಆಗ್ತಿತ್ತು. ಒಂದು ಬುಧವಾರದ ಬಗ್ಗೆ ಅವ್ರು ಹೇಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ರೂ ಮಲಗಿದ್ರು, ಲೈಟ್ ಹಾಕಿದ್ರೆ ಗಂಡ ಎದ್ದು ಬಂದು ಬೈತಾರೆ ಅಂತ ಮೊಬೈಲ್ ಟಾರ್ಚನ್ನ ಡಬ್ಬಕ್ಕೆ ಒರಗಿಸಿಟ್ಟು, ಒಲೆ ಬರ್ನರ್ ಸುತ್ತ ಉಕ್ಕಿ ಸುಟ್ಟಿದ್ದ ಕಲೇನ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ತಿದ್ರಂತೆ, ಉಜ್ಜಿದ ಮೇಲೆ ಆ ಬ್ರಷ್ಷೂ ಕೊಳೆಯಾಗಿದೆ ಅನ್ನಿಸಿ ಅದನ್ನ ಪೇಪರ್‌ನಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ಹಾಕಿದ್ರಂತೆ, ಯಾಕಂದ್ರೆ ಕಸ ಹಾಕೋದೂ ಅದೇ ಅಕ್ಕ, ಮೇಲೆ ಕಂಡ್ರೆ ಏನಂದ್ಕೋತಾರೋ ಅಂತ.

ಇಂಥದ್ದು ಕೇಳಿದಾಗ ಮೊದಲು ಒಸಿಡಿ, ಅಂದ್ರೆ ಬೇಡದ ಯೋಚನೆ ಕಾಡಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಮನಸ್ಸಿನ ಕಾಯಿಲೆ, ಇದ್ಯಾ ಅಂತ ನೋಡ್ಲೇಬೇಕು. ಈಗ ಸ್ವಲ್ಪ ನೀಟಾಗಿರೋರಿಗೆಲ್ಲ ಜನ ಒಸಿಡಿ ಅಂದ್ಬಿಡ್ತಾರೆ, ಅದು ಸರಿಯಲ್ಲ, ಅದು ನಿಜವಾಗ್ಲೂ ಜೀವ ಹಿಂಡೋ ಕಾಯಿಲೆ. ಮನಸ್ಸಿನ ಕಾಯಿಲೆ ಗುರುತಿಸೋಕೆ ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಕೈಪಿಡಿ ಡಿಎಸ್ಎಂ-5 ಪ್ರಕಾರ ಬೇಡ ಅಂದ್ರೂ ನುಗ್ಗಿ ಬರೋ ಯೋಚನೆ ಅಥವಾ ಮಾಡ್ಲೇಬೇಕು ಅನ್ಸೋ ಕೆಲಸ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ತಿನ್ನಬೇಕು, ಇಲ್ಲಾ ತುಂಬಾ ಸಂಕಟ ಕೊಡಬೇಕು, ದಿನದ ಬದುಕು ಕೆಡಿಸಬೇಕು. ಅದಕ್ಕೆ ಉಳಿದ ಆರು ದಿನದ ಕಥೆ ಕೇಳ್ದೆ. ಶುಕ್ರವಾರ ರಾತ್ರಿ ಸಿಂಕಲ್ಲಿ ಪಾತ್ರೆ ಬಿಟ್ಟು ಮಲಗ್ತೀರಾ? ಹೂಂ, ಆರಾಮಾಗಿ. ಭಾನುವಾರ ನೆಲ ಒರೆಸದೇ ಇದ್ರೆ? ನೆನಪೂ ಆಗಲ್ಲ. ಬೀಗ, ಗ್ಯಾಸ್ ಮತ್ತೆ ಮತ್ತೆ ಹೋಗಿ ನೋಡೋದು? ಇಲ್ಲ. ಕೈ ತೊಳೆಯೋದು? ಎಲ್ರ ಹಾಗೇ. ಅಲ್ಲಿಗೆ ನನಗೆ ದಾರಿ ಸಿಕ್ತು. ಇವ್ರಿಗೆ ಕೊಳೆ ಕಂಡ್ರೆ ಭಯ ಇಲ್ಲ, ಆ ಕೊಳೇನ ಇನ್ನೊಬ್ರು ನೋಡ್ತಾರೆ ಅನ್ನೋದೇ ಭಯ.

ಏನಂದ್ಕೋತಾರೆ ಅಂತ ನಿಮಗನ್ಸುತ್ತೆ, ಅವ್ರ ಮಾತಲ್ಲೇ ಹೇಳಿ ಅಂದೆ. ತಡಮಾಡದೇ ಬಂತು ಉತ್ತರ: "ಇಷ್ಟೊಂದು ಓದಿದಾರೆ, ಸಂಬಳ ತಗೋತಾರೆ, ಒಂದು ಮನೆ ಇಟ್ಕೊಳ್ಳೋಕೆ ಬರಲ್ಲ." ಇದು ಯಾರ ದನಿ ಅಂತ ಕೇಳಿದ್ರೆ ಆ ಅಕ್ಕನದ್ದಲ್ಲ, ಅವ್ರಮ್ಮಂದು. ಅಮ್ಮ ತೀರ್ಕೊಂಡು ಏಳೆಂಟು ವರ್ಷ ಆಗಿದೆ. ಬಾಗಿಲು ಬಡಿದ ಸದ್ದು ಕೇಳಿದ್ರೆ ಸಾಕು, ಅಮ್ಮ ಮಗಳನ್ನ ನೋಡೋಕೆ ಮುಂಚೆ ಹಾಲ್ ನೋಡ್ತಿದ್ರಂತೆ.

ಮನಃಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲೇ ಒಂದು ವ್ಯತ್ಯಾಸ ಹೇಳಿದ್ರು, ಇಂಥ ಕೇಸಲ್ಲಿ ಅದು ನನಗೆ ತುಂಬಾ ಕೆಲಸಕ್ಕೆ ಬರುತ್ತೆ. ತಪ್ಪು ಮಾಡ್ದೆ ಅನ್ನೋ ನೋವು ಒಂದು ಕೆಲಸದ ಮೇಲಿರುತ್ತೆ, ನಾಚಿಕೆ ಇಡೀ ಮನುಷ್ಯನ ಮೇಲೆ ಬೀಳುತ್ತೆ. ಒಲೆ ಒರೆಸ್ಲಿಲ್ಲ ಅನ್ನೋದಾದ್ರೆ ಒರೆಸಿದ್ರೆ ಮುಗೀತು. ನಾನೇ ಸರಿ ಇಲ್ಲ ಅನ್ನೋದಾದ್ರೆ ಎಷ್ಟು ಒರೆಸಿದ್ರೂ ಸಾಲಲ್ಲ, ಒಲೆ ಆದ್ಮೇಲೆ ಕನ್ನಡಿ, ಕನ್ನಡಿ ಆದ್ಮೇಲೆ ಬ್ರಷ್ಷು. ಮಾಲತಿಯ ಹದಿನೈದು ನಿಮಿಷ ರಾತ್ರಿ ಒಂದೂವರೆ ತನಕ ಬೆಳೆದಿದ್ದು ಹೀಗೆ.

ಇಲ್ಲಿ ಇನ್ನೊಂದು ಸುಳಿ ಇದೆ. ಪ್ರತಿ ಬುಧವಾರ ಇವ್ರು ತೊಳೀತಾರೆ, ಗುರುವಾರ ಆ ಅಕ್ಕ ಏನೂ ಅನ್ನಲ್ಲ, ಆಗ ತಲೆ ಏನು ಲೆಕ್ಕ ಹಾಕುತ್ತೆ ಅಂದ್ರೆ "ನಾನು ತೊಳ್ದಿದ್ದಕ್ಕೆ ಬಚಾವಾದೆ" ಅಂತ. ತೊಳೀದೇ ಇದ್ರೂ ಏನೂ ಅಂತಿರ್ಲಿಲ್ಲ ಅನ್ನೋದು ಗೊತ್ತಾಗೋಕೆ ಅವಕಾಶವೇ ಸಿಗಲ್ಲ. ಪಾಲ್ ಸಾಲ್ಕೊವ್‌ಸ್ಕಿಸ್ ಅನ್ನೋ ಮನಃಶಾಸ್ತ್ರಜ್ಞರು 1991ರಲ್ಲಿ ಗಾಬರಿ ಕಾಯಿಲೆ ಬಗ್ಗೆ ಬರೀತಾ ಇದನ್ನ ಬಿಡಿಸಿ ಹೇಳಿದ್ರು, ಭಯದಿಂದ ಕಾಪಾಡ್ಕೊಳ್ಳೋಕೆ ನಾವು ಮಾಡೋ ಕೆಲಸವೇ ಭಯಕ್ಕೆ ನೀರೆರೆಯುತ್ತೆ ಅಂತ.

ಎರಡನೇ ಭೇಟಿಯಲ್ಲಿ ಮಾಲತಿ ಒಂದು ಮಾತು ಹೇಳಿದ್ರು, ಅದರಿಂದ ಕೇಸ್ ದಿಕ್ಕೇ ಬದಲಾಯ್ತು. ಆ ವಾರ ಅಕ್ಕ ಕೆಲಸ ಮುಗಿಸಿ ಹೊರಡೋವಾಗ ಬಾಗಿಲ ಹತ್ರ ನಿಂತು ಕೇಳಿದ್ರಂತೆ, "ಮೇಡಂ, ನನ್ ಕೆಲಸ ನಿಮಗೆ ಸರಿ ಹೋಗ್ತಿಲ್ವಾ? ಬಂದಾಗೆಲ್ಲ ನೀವೇ ತೊಳ್ದಿಟ್ಟಿರ್ತೀರಲ್ಲ, ಬಿಡಿಸೋ ಯೋಚನೆ ಇದ್ರೆ ಮುಂಚೇನೇ ಹೇಳ್ಬಿಡಿ, ನಾನು ಬೇರೆ ಮನೆ ನೋಡ್ಕೋಬೇಕು." ಇದನ್ನ ಹೇಳ್ತಾ ಮಾಲತಿ ಅತ್ತುಬಿಟ್ರು. ಒಂದು ವರ್ಷದಿಂದ ಇವ್ರು ಅವ್ರ ಕಣ್ಣಿಗೆ ಹೆದರಿಕೊಂಡಿದ್ರು, ಅವ್ರು ಇವ್ರ ಮನೆ ಕೆಲಸ ಹೋಗುತ್ತೆ ಅಂತ ಹೆದರಿಕೊಂಡಿದ್ರು, ಇಬ್ರೂ ಒಂದೇ ಮನೆಯಲ್ಲಿ ವಾರಕ್ಕೆ ಮೂರು ಗಂಟೆ ಇರ್ತಿದ್ರು. ನಾನು ಈ ಕೇಸ್ ಬರೀಬೇಕು ಅಂದ್ಕೊಂಡಿದ್ದೇ ಈ ಮಾತಿಗೋಸ್ಕರ. ನಮ್ಮ ನಾಚಿಕೆ ನಮ್ಮೊಳಗೇ ಇರುತ್ತೆ ಅಂದ್ಕೊಂಡಿರ್ತೀವಿ, ಅದು ಎದುರಿಗಿರೋರ ಹೊಟ್ಟೆಪಾಡಿನ ಮೇಲೂ ಹೋಗಿ ಕೂರುತ್ತೆ.

ಆದ್ರೆ "ಬುಧವಾರ ಏನೂ ಮುಟ್ಬೇಡಿ" ಅಂತ ನಾನು ಹೇಳ್ಲಿಲ್ಲ. ಗಂಡ ಹೇಳ್ತಿದ್ದು ಅದನ್ನೇ, "ದುಡ್ಡು ಕೊಡ್ತೀವಲ್ಲ, ಬಿಟ್ಟಾಕು" ಅಂತ, ಆ ಮಾತಲ್ಲಿ ಅರ್ಧ ಮಾತ್ರ ಸರಿ. ನೆಲದ ತುಂಬ ಆಟದ ಸಾಮಾನಿದ್ರೆ ಕಸ ಗುಡಿಸೋಕೆ ಬಂದೋರು ಮೊದಲ ಮುಕ್ಕಾಲು ಗಂಟೆ ಅದನ್ನ ಎತ್ತೋದ್ರಲ್ಲೇ ಕಳೀತಾರೆ, ಯಾವುದು ಎಲ್ಲಿಡೋದು ಅಂತ ಅವ್ರಿಗೆ ಗೊತ್ತಿರಲ್ಲ, ಆಮೇಲೆ ಮೂಲೆ ಒರೆಸೋಕೆ ಟೈಮ್ ಇರಲ್ಲ. ಹಾಗಾಗಿ ಮಾಲತಿಗೆ ನಾನು ಕೊಟ್ಟ ಮುಖ್ಯ ಸಲಹೆ ಒಂದೇ ಸಾಲು: ಕೈಗೆ ಅಡ್ಡ ಬರೋದನ್ನ ತೆಗೀರಿ, ಕಣ್ಣಿಗೆ ಕಾಣುತ್ತೆ ಅನ್ನೋದನ್ನ ಬಿಡಿ. ನೆಲದ ಮೇಲಿನ ಬ್ಯಾಗು ಕೈಗೆ ಅಡ್ಡ. ಒಲೆ ಮೇಲಿನ ಕಲೆ ಕಣ್ಣಿಗೆ ಮಾತ್ರ. ಕಟ್ಟೆ ಮೇಲೆ ಹರಡಿರೋ ಡಬ್ಬ ಕೈಗೆ ಅಡ್ಡ, ಅದರ ಅಡಿಯಲ್ಲಿರೋ ಜಿಡ್ಡು ಅವ್ರ ಕೆಲಸ. ಒಂದೊಂದು ಸಾಮಾನು ಮುಟ್ಟೋವಾಗಲೂ ಈ ಪ್ರಶ್ನೆ ಕೇಳ್ಕೊಳ್ಳಿ ಅಂದೆ.

ಕಣ್ಣಿಗೆ ಕಾಣೋದ್ರಲ್ಲೂ ಕೆಲವು ತೆಗೀಲೇಬೇಕು. ದುಡ್ಡು, ಒಡವೆ ಒಳಗಿಡಿ, ಅವ್ರ ಮೇಲೆ ನಂಬಿಕೆ ಇಲ್ಲ ಅಂತಲ್ಲ, ನಾಳೆ ನಿಮ್ಮದೇ ಮರೆವಿಂದ ಏನೋ ಕಾಣದೇ ಹೋದ್ರೆ ಅನುಮಾನ ಮೊದಲು ಹೋಗೋದು ಅವ್ರ ಕಡೆಗೇ, ಆ ಪರಿಸ್ಥಿತಿಗೆ ಅವ್ರನ್ನ ತಳ್ಳಬಾರದು. ಮಾತ್ರೆ, ಮೆಡಿಕಲ್ ರಿಪೋರ್ಟು, ಬ್ಯಾಂಕಿನ ಕಾಗದ ನಿಮ್ಮ ಖಾಸಗಿ ವಿಷಯ, ಮುಚ್ಚಿಡೋದು ನಿಮ್ಮ ಹಕ್ಕು, ಅದಕ್ಕೆ ನಾಚಿಕೆ ಅಂತ ಹೆಸರಿಡ್ಬೇಡಿ. ಒಡೆದ ಗಾಜು, ಬ್ಲೇಡು, ಸೂಜಿ ಗಟ್ಟಿ ಡಬ್ಬಿಯಲ್ಲಿ ಹಾಕಿ ಹೇಳಿಡಿ. ಇನ್ನೊಂದು ವಿಷಯ ಮಾತಾಡ್ತಾ ಮಾತಾಡ್ತಾ ಹೊರಗೆ ಬಂತು, ಮಾಲತಿ ರಾತ್ರಿ ಟಾಯ್ಲೆಟ್‌ಗೆ ಆಸಿಡ್ ಕ್ಲೀನರ್ ಸುರಿದು ನೆನೆಯೋಕೆ ಬಿಟ್ಟು ಮಲಗ್ತಿದ್ರು, ಬೆಳಿಗ್ಗೆ ಆ ಅಕ್ಕ ಬಂದು ಬ್ಲೀಚ್ ಹಾಕ್ತಿದ್ರು. ಇದನ್ನ ದಯವಿಟ್ಟು ಯಾರೂ ಮಾಡ್ಬೇಡಿ. ಆಸಿಡ್ ಜೊತೆ ಬ್ಲೀಚ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಚಿಕ್ಕ ಬಾತ್‌ರೂಮಲ್ಲಿ ಕಣ್ಣು ಉರಿ, ಕೆಮ್ಮು, ಉಸಿರು ಕಟ್ಟೋದು ಎಲ್ಲ ಆಗಬಹುದು, ಜಾಸ್ತಿ ಆದ್ರೆ ಜೀವಕ್ಕೇ ಕುತ್ತು. ಅವತ್ತೇ ಫೋನ್ ಮಾಡಿ ಅವ್ರಿಗೆ ಹೇಳೋಕೆ ಹೇಳ್ದೆ. ನಾಚಿಕೆಗೆ ಗುಟ್ಟಾಗಿ ಮಾಡಿದ ಕೆಲಸ ಆಗಿದ್ರಿಂದ ಅವ್ರಿಗೆ ಗೊತ್ತಾಗೋ ದಾರಿಯೇ ಇರ್ಲಿಲ್ಲ ನೋಡಿ.

ಆಮೇಲೆ ಒಂದು ಚಿಕ್ಕ ಪ್ರಯೋಗ. ಮುಂದಿನ ಬುಧವಾರ ಒಲೆ ಮುಟ್ಟಬಾರದು, ಒಲೆ ಒಂದೇ, ಉಳಿದದ್ದು ನಿಮ್ಮಿಷ್ಟ. ಮಲಗೋ ಮುಂಚೆ ಒಂದು ಚೀಟಿಯಲ್ಲಿ ಬರೀರಿ: ನಾಳೆ ಅವ್ರು ಒಲೆ ನೋಡಿ ಏನ್ ಮಾಡ್ತಾರೆ, ಅದು ಹಾಗೇ ಆಗುತ್ತೆ ಅಂತ ನೂರಕ್ಕೆ ಎಷ್ಟು ನಂಬ್ತೀರಿ. ಗುರುವಾರ ನಿಜವಾಗ್ಲೂ ಏನಾಯ್ತು ಅನ್ನೋದನ್ನ ಅದರ ಕೆಳಗೇ ಬರೀರಿ. 2000ದಲ್ಲಿ ಪ್ರಕಟವಾದ, ಮನಃಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತವರ ಜೊತೆಯವ್ರ ಒಂದು ಪ್ರಯೋಗದ ಕಥೇನೂ ಹೇಳ್ದೆ, ಮುಜುಗರ ಆಗೋ ಥರದ ಟೀ ಶರ್ಟ್ ಹಾಕಿಸಿ ಕಾಲೇಜು ಹುಡುಗ್ರನ್ನ ಬೇರೆಯವ್ರು ತುಂಬಿದ ರೂಮಿಗೆ ಕಳಿಸಿದ್ರು, ಹೆಚ್ಚುಕಮ್ಮಿ ಅರ್ಧ ಜನ ಗಮನಿಸಿರ್ತಾರೆ ಅಂತ ಅವ್ರು ಅಂದಾಜು ಮಾಡಿದ್ರು, ನಿಜವಾಗಿ ಗಮನಿಸಿದ್ದು ಕಾಲು ಭಾಗ ಜನ. ಮಾಲತಿ ತಕ್ಷಣ ಹಿಡ್ಕೊಂಡ್ರು, "ಆದ್ರೆ ಈ ಅಕ್ಕ ನೋಡೋಕೇ ಬರೋದಲ್ವಾ ಮೇಡಂ, ಗಮನಿಸೋದೇ ಅವ್ರ ಕೆಲಸ." ಸರಿಯಾದ ಮಾತು, ಒಪ್ಕೊಂಡೆ. ಅವ್ರು ನೋಡ್ತಾರೆ. ಆದ್ರೆ ಆ ಕಲೇನ ಅವ್ರು ನೋಡೋದು ಅದನ್ನ ಯಾವುದ್ರಲ್ಲಿ ಉಜ್ಜೋದು, ಎಷ್ಟು ಹೊತ್ತು ಹಿಡಿಯುತ್ತೆ ಅಂತ, ನೀವು ಒಳ್ಳೆ ತಾಯಿ ಹೌದೋ ಅಲ್ವೋ ಅಂತಲ್ಲ.

ಚೀಟಿ ತಂದು ತೋರಿಸಿದ್ರು. ಮೇಲೆ: "ಮುಖ ಸಿಂಡರಿಸ್ತಾರೆ. ನಂಬಿಕೆ 80." ಕೆಳಗೆ: "ಅಕ್ಕ ಬ್ರಷ್ ಎಲ್ಲಿ ಅಂತ ಕೇಳಿದ್ರು. ನಾನು ಎಸೆದಿದ್ದೆ. ಹೊಸದು ಕೊಟ್ಟೆ."

ಮೂರನೇ ಭೇಟಿಗೆ ಗಂಡನ್ನೂ ಕರೆಸಿದೆ, ಯಾಕಂದ್ರೆ ಒಂದು ವಿಷಯ ನನಗೆ ಸರಿ ಕಾಣ್ತಿರ್ಲಿಲ್ಲ. ಮನೇಲಿ ನಾಲ್ಕು ಜನ ಇದಾರೆ, ಕೊಳೆ ನಾಲ್ಕು ಜನದ್ದು, ನಾಚಿಕೆ ಮಾತ್ರ ಒಬ್ಬರದ್ದು. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ದುಡಿಯೋ ಹೆಂಗಸರ ಎರಡನೇ ಪಾಳಿ ಬಗ್ಗೆ ಬರೆದಿದ್ರು, ಆಫೀಸ್ ಮುಗಿಸಿ ಬಂದ್ಮೇಲೆ ಮನೇಲಿ ಶುರುವಾಗೋ ಇನ್ನೊಂದು ಡ್ಯೂಟಿ. ಆ ಪಾಳಿಯನ್ನ ದುಡ್ಡು ಕೊಟ್ಟು ಇನ್ನೊಬ್ರಿಗೆ ವಹಿಸಿದ್ಮೇಲೂ ಮಾಲತಿ ತಲೆ ಒಳಗೆ ಅದು ಮುಗಿದಿರ್ಲಿಲ್ಲ. ಗಂಡ ಒಳ್ಳೆಯವ್ರೇ, ಸ್ವಲ್ಪ ಹೊತ್ತು ಸುಮ್ನೆ ಕೂತು "ನನ್ ಶೂ, ನನ್ ಚಾರ್ಜರ್, ನನ್ ಪೇಪರ್ ಅವಳ್ಯಾಕೆ ಎತ್ತಬೇಕು ಅಂತ ನಾನು ಯಾವತ್ತೂ ಯೋಚನೆ ಮಾಡಿರ್ಲಿಲ್ಲ" ಅಂದ್ರು. ಬುಧವಾರ ರಾತ್ರಿ ಊಟ ಆದ್ಮೇಲೆ ಇಪ್ಪತ್ತು ನಿಮಿಷ, ಮಕ್ಕಳೂ ಸೇರಿ ಅವರವರ ಸಾಮಾನು ಅವರವರೇ ಎತ್ತೋದು, ಇಪ್ಪತ್ತು ನಿಮಿಷಕ್ಕೆ ಅಲಾರಂ, ಹೊಡೆದ ಮೇಲೆ ಯಾರೂ ಏನೂ ಮುಟ್ಟೋ ಹಾಗಿಲ್ಲ ಅಂತ ಒಪ್ಪಂದ ಆಯ್ತು.

ಆ ಅಕ್ಕನ ಹತ್ರ ಬಾಯಿ ಬಿಟ್ಟು ಮಾತಾಡಿ ಅಂತಲೂ ಹೇಳ್ದೆ. ಮನೆಗೆಲಸದವ್ರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮಾಡಿದ 189ನೇ ಒಪ್ಪಂದದಲ್ಲೇ ಇದೆ, ಏನು ಕೆಲಸ, ಎಷ್ಟು ಹೊತ್ತು, ಎಷ್ಟು ಸಂಬಳ ಅಂತ ಅವ್ರಿಗೆ ಅರ್ಥ ಆಗೋ ಹಾಗೆ ತಿಳಿಸಬೇಕು ಅಂತ. ಮಾಲತಿ ಒಂದು ವರ್ಷದಲ್ಲಿ ಒಂದ್ಸಲಾನೂ "ಇವತ್ತು ಇದು ಮಾಡಿ" ಅಂದಿರ್ಲಿಲ್ಲ, ಹೇಳಿದ್ರೆ ದರ್ಪ ಅನ್ಸುತ್ತೆ ಅಂತ. ಹೇಳದೇ ಇದ್ದಿದ್ದಕ್ಕೇ ಅವ್ರು ತಮ್ಮ ಕೆಲಸ ಬೇಡ ಆಗಿದೆ ಅಂದ್ಕೊಂಡಿದ್ರು. ಬೇಕಾಗಿದ್ದು ದೊಡ್ಡ ಭಾಷಣ ಏನಲ್ಲ, "ಅಕ್ಕ, ನಿಮ್ಮ ಕೆಲಸ ನನಗೆ ಇಷ್ಟ, ನಾನು ನಾಚ್ಕೊಂಡು ಮುಂಚೆನೇ ತೊಳೀತಿದ್ದೆ, ಇನ್ಮೇಲೆ ಬಿಡ್ತೀನಿ" ಅಂತ ಅಷ್ಟು. ಹೇಳಿದ್ರು. ಆ ಅಕ್ಕ ಮಾಪ್ ಗೋಡೆಗೆ ಒರಗಿಸಿ, "ನಾನೂ ಊರಿಂದ ಅತ್ತೆ ಬರೋ ಹಿಂದಿನ ದಿನ ನಿದ್ದೆ ಮಾಡಲ್ಲ ಮೇಡಂ" ಅಂದ್ರಂತೆ.

ಐದು ಭೇಟಿ ಆಗಿದೆ. ಒಲೆ ಬಿಟ್ಟಿದಾರೆ, ಕನ್ನಡಿ ಬಿಟ್ಟಿದಾರೆ, ಬುಧವಾರ ಹನ್ನೊಂದಕ್ಕೆ ಮಲಗ್ತಾರೆ. ಬಾತ್‌ರೂಮಿನ ಜಾಲರಿಗೆ ಸಿಕ್ಕೋ ತಲೆಕೂದಲು ಮಾತ್ರ ಈಗಲೂ ತಾವೇ ತೆಗೀತಾರೆ, ಅದನ್ನ ಇನ್ನೊಬ್ರ ಕೈಗೆ ಬಿಡೋಕೆ ಮನಸ್ಸು ಬರಲ್ಲ ಅಂದ್ರು. ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳ್ದೆ. ಒಂದು ನಿಮಿಷ. ಹಾಗಿದ್ರೆ ತೆಗೀರಿ ಅಂದೆ.