ಒಂದೇ ಡಬ್ಬಿಗೆ ಬಿದ್ದ ಕಸಬಾಗಳು

ನನ್ನ ಹತ್ತಿರ ಆಪ್ತಸಲಹೆಗೆ ಬಂದವರ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಯಸ್ಸು 25ರ ಆಸುಪಾಸು, ಮೊದಲ ಕೆಲಸ. ಕೂತ ತಕ್ಷಣ ಹೇಳಿದ್ದು, "ಮೇಡಂ, ಕೋಡಿಂಗ್ ನನ್ನ ತಲೆಗೆ ಹತ್ತಲ್ಲ. ಮೂರು ದಿನದಿಂದ ನಿದ್ದೆ ಇಲ್ಲ." ರಾಜೀನಾಮೆ ಪತ್ರವನ್ನೂ ಬರೆದಿಟ್ಟಿದ್ದರು.

ನಾನು ಈ ಆಪ್ತಸಲಹೆಯ ಕೆಲಸಕ್ಕೆ ಬರುವ ಮುಂಚೆ ಕೋಡ್ ಬರೆದವಳು. ಸಾಮಾನ್ಯವಾಗಿ ಇಲ್ಲಿ ಯಾರ ಕೋಡನ್ನೂ ನೋಡುವುದಿಲ್ಲ. ಅವತ್ತು ಮಾತ್ರ "ತೋರಿಸಿ" ಎಂದೆ.

ಜಾವಾಸ್ಕ್ರಿಪ್ಟ್ ಕೋಡು. ಒಂದು ಉದ್ದನೆಯ ಅರೇ, ಅಂದರೆ ಪಟ್ಟಿ. ಅದರ ಪ್ರತಿ ಆಬ್ಜೆಕ್ಟ್‌ನಲ್ಲೂ, ಅಂದರೆ ಒಂದೊಂದು ದಾಖಲೆಯಲ್ಲೂ, ತಾಲ್ಲೂಕು, ಹೋಬಳಿ, ಗ್ರಾಮ. ತಾಲ್ಲೂಕಿನೊಳಗೆ ಹೋಬಳಿ, ಅದರೊಳಗೆ ಗ್ರಾಮ ಬರುವಂತೆ ಜೋಡಿಸಬೇಕು, ಅಷ್ಟೇ. ಇವರು ರೆಡ್ಯೂಸ್ (ಪಟ್ಟಿಯನ್ನು ಒಂದೊಂದಾಗಿ ಓದುತ್ತಾ ಒಂದು ಫಲಿತಾಂಶ ಕಟ್ಟುವ ವಿಧಾನ) ಹಾಕಿ ಮೊದಲು ಹೋಬಳಿಯ ಹೆಸರಿನ ಮೇಲೆ ಗುಂಪು ಮಾಡಿದ್ದರು. ಆಮೇಲೆ ಪ್ರತಿ ಗುಂಪನ್ನೂ ಅದರ ಮೊದಲ ಗ್ರಾಮದ ತಾಲ್ಲೂಕಿಗೆ ಸೇರಿಸಿದ್ದರು. ನಮ್ಮಲ್ಲಿ ಬಹುತೇಕ ತಾಲ್ಲೂಕುಗಳಲ್ಲೂ ಒಂದು ಕಸಬಾ ಹೋಬಳಿ ಇರುತ್ತದೆ, ಅಲ್ವಾ? ಎಲ್ಲ ಕಸಬಾಗಳೂ ಒಂದೇ ಡಬ್ಬಿಗೆ ಬಿದ್ದು ಮೊದಲು ಸಿಕ್ಕ ತಾಲ್ಲೂಕಿನ ಪಾಲಾಗಿದ್ದವು. ಡೆಮೊದಲ್ಲಿ ಅದನ್ನು ನೋಡಿ ಯಾರೋ ಜೋರಾಗಿ ನಕ್ಕರಂತೆ. ಅಲ್ಲಿಂದ ಶುರು, ರಾತ್ರಿಯೆಲ್ಲ ಅದೇ ಕೋಡನ್ನು ಅಳಿಸಿ ಅಳಿಸಿ ಬರೆಯುವುದು.

"ಲ್ಯಾಪ್‌ಟಾಪ್ ಮುಚ್ಚಿ" ಎಂದೆ. ಆರು ಗ್ರಾಮ ಮಾತ್ರ ತೆಗೆದುಕೊಂಡು, ಕೊನೆಗೆ ಹೇಗೆ ಕಾಣಬೇಕೋ ಹಾಗೆ ಕಾಗದದ ಮೇಲೆ ಬರೆಯಲು ಹೇಳಿದೆ. ಎರಡು ಕಸಬಾ ಬೇಕೆಂದೇ ಸೇರಿಸಿದೆ. ನಾಲ್ಕನೇ ಸಾಲಿಗೆ ಪೆನ್ನು ನಿಂತಿತು. "ಅಯ್ಯೋ, ತಾಲ್ಲೂಕು ಮೊದಲು ಬರಬೇಕಿತ್ತು!"

ಕೊಟ್ಟ ಸಲಹೆ ಇಷ್ಟು. ಹೊರಗಿನಿಂದ ಒಳಕ್ಕೆ ಹೋಗಿ. ಮೊದಲು ತಾಲ್ಲೂಕಿನ ಮೇಲೆ ಗುಂಪು ಮಾಡಿಕೊಡುವ ಆಬ್ಜೆಕ್ಟ್.ಗ್ರೂಪ್‌ಬೈ, ಸಿಕ್ಕ ಪ್ರತಿ ಪಟ್ಟಿಯ ಮೇಲೂ ಹೋಬಳಿಗಾಗಿ ಮತ್ತೊಮ್ಮೆ. ಜಾವಾಸ್ಕ್ರಿಪ್ಟ್‌ನ ಮಾನದಂಡವಾದ ಎಕ್ಮಾಸ್ಕ್ರಿಪ್ಟ್ 2024ರಿಂದ ಅದು ಭಾಷೆಯಲ್ಲೇ ಇದೆ, ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ 21ನೇ ಆವೃತ್ತಿಯಿಂದ ಓಡುತ್ತದೆ. ಹಳೆಯ ಬ್ರೌಸರ್ ಇದ್ದರೆ ರೆಡ್ಯೂಸ್ ಸಾಕು, ಅದರಲ್ಲಿ ನಾಚಿಕೆ ಏನೂ ಇಲ್ಲ. ಗುಂಪನ್ನು ಗುರುತಿಸುವ ಕೀಲಿಗೆ ಹೆಸರು ಬೇಡ, ತಾಲ್ಲೂಕು, ಹೋಬಳಿಯ ಕೋಡ್ ಸಂಖ್ಯೆ ಹಾಕಿ. ಆದರೆ ಸಾಮಾನ್ಯ ಆಬ್ಜೆಕ್ಟ್ ಅಂಥ ಅಂಕಿಯ ಕೀಲಿಗಳನ್ನು ಸುಮ್ನೆ ಏರಿಕೆ ಕ್ರಮಕ್ಕೆ ತಂದುಬಿಡುತ್ತದೆ. ಪಟ್ಟಿಯ ಮೂಲ ಕ್ರಮವೇ ಬೇಕಿದ್ದರೆ, ಆ ಕ್ರಮವನ್ನು ಕೆಡಿಸದ ಮ್ಯಾಪ್.ಗ್ರೂಪ್‌ಬೈ. ಕೊನೆಗೆ ಒಳಗಿನ ಗ್ರಾಮಗಳನ್ನೆಲ್ಲ ಎಣಿಸಿ, ಮೂಲ ಅರೇಯ ಉದ್ದಕ್ಕೆ ತಾಳೆ ನೋಡಿ. ಎಣಿಕೆ ಸರಿ ಬಂದರೂ ಯಾವುದಾದರೂ ಎರಡು ಕಸಬಾ ತೆರೆದು ನೋಡಿ. ಇವರ ತಪ್ಪು ಕೋಡಿನಲ್ಲೂ ಎಣಿಕೆ ಸರಿಯಾಗೇ ಇತ್ತು!

ಹತ್ತು ಗಂಟೆಯ ಮೇಲೆ ಕೋಡ್ ಮುಟ್ಟಬೇಡಿ ಎಂದೂ ಹೇಳಿದೆ. ಅದನ್ನು ಪಾಲಿಸಲಿಲ್ಲ.

ಮುಂದಿನ ವಾರ ಬಂದಾಗ ಕೋಡಿನ ಸುದ್ದಿ ಎರಡೇ ನಿಮಿಷ. ಉಳಿದ ಹೊತ್ತೆಲ್ಲ ಆ ನಗುವಿನ ಬಗ್ಗೆಯೇ ಮಾತಾಡಿದೆವು.