‘ಇವತ್ತು ಹಾರಲ್ಲ’ ಅನ್ನೋ ಮಾತಿಗೆ ಯಾರ ಬೆಂಬಲ?

ಸುಂಟಿಕೊಪ್ಪ ಕಡೆಯ ಮಾಜಿ ಸುಬೇದಾರರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಹೆಲಿಕಾಪ್ಟರ್ ಪೈಲಟ್‌ಗಳು ತಮ್ಮ ಯೂನಿಯನ್ ಮೂಲಕ ಸಂಬಳ ಮತ್ತು ಡ್ಯೂಟಿ ಪಟ್ಟಿಗಾಗಿ ಹೇಗೆ ಮಾತುಕತೆ ನಡೆಸುತ್ತಾರೆ ಅಂತ ಕಳೆದ ಸಂಚಿಕೆಯಲ್ಲಿ ಒಂದು ಲೇಖನ ಹಾಕಿದ್ದೆವು. ಅದು ಅವರಿಗೆ ಹಿಡಿಸಿಲ್ಲ. ಅವರ ಮಾತಿನಲ್ಲೇ ಕೇಳಿ:

“ಲಕ್ಷಗಟ್ಟಲೆ ಸಂಬಳ ಎಣಿಸುವವರಿಗೆ ಯೂನಿಯನ್ ಯಾಕೆ? ಅದು ಬೇಕಾಗಿರುವುದು ತೋಟದ ಲೈನ್ ಮನೆಯಲ್ಲಿ ಇರುವ ಕಾರ್ಮಿಕರಿಗೆ. ನಾವು ಹೋಗು ಅಂದರೆ ಹೋದವರು, ಪ್ರಶ್ನೆ ಕೇಳಿದವರಲ್ಲ. ನಮ್ಮ ಅಜ್ಜಮಾಡ ದೇವಯ್ಯನವರು ಡ್ಯೂಟಿ ಪಟ್ಟಿ ನೋಡಿ ಹಾರಿದರಾ? ನನ್ನ ಮೊಮ್ಮಗ ಹೆಲಿಕಾಪ್ಟರ್ ತರಬೇತಿಗೆ ಹೋಗುತ್ತೇನೆ ಅಂತ ಕೂತಿದ್ದಾನೆ. ಇಂಥದ್ದನ್ನು ಓದಿ ಹುಡುಗರ ತಲೆ ಕೆಡುತ್ತದೆ.”

ಸುಬೇದಾರರೇ, ಪತ್ರ ಎರಡು ಸಲ ಓದಿದೆ. ಇಷ್ಟು ನೇರವಾಗಿ ಬರೆಯುವವರು ಈಗ ಕಡಿಮೆ. ಲೈನ್ ಮನೆಯವರನ್ನು ನೆನೆದಿರಲ್ಲ, ಅದಕ್ಕೆ ನಿಮ್ಮ ಮೇಲೆ ಗೌರವ ಇನ್ನೂ ಜಾಸ್ತಿ ಆಯಿತು. ಆದರೆ ಉಳಿದ ಮಾತು ಒಪ್ಪಲಾರೆ. ಇದು ನನ್ನ ಮನಸ್ಸಿಗೆ ತುಂಬ ಹತ್ತಿರದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ದೇವಯ್ಯನವರ ಮಾತು. ವಾಯುಪಡೆಯ ಪೈಲಟ್ ಆಗಿದ್ದ ಅವರು 1965ರ ಯುದ್ಧದಲ್ಲಿ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದರು. ಕೈಯಲ್ಲಿದ್ದದ್ದು ಹಳೆಯ ಮಿಸ್ಟೇರ್ ವಿಮಾನ. ಎದುರಿಗೆ ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನ. ಅದನ್ನು ಹೊಡೆದು ಉರುಳಿಸಿದರು, ತಾವೂ ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ ಬೇಕಾಯಿತು! ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ, ಅದರ ಮುಂದೆ ಹಾದು ಹೋಗುವಾಗಲೆಲ್ಲ ನನ್ನ ಕೈ ತಾನಾಗಿ ಎದೆಗೆ ಹೋಗುತ್ತದೆ. ಆದರೆ ಅದು ಯುದ್ಧದ ದಿನ. ಟಿಕೆಟ್ ಕೊಂಡ ಯಾತ್ರಿಕರನ್ನು, ತೈಲಬಾವಿಗೆ ಕೆಲಸಕ್ಕೆ ಹೋಗುವವರನ್ನು, ಆಸ್ಪತ್ರೆಗೆ ಹೋಗುವ ರೋಗಿಯನ್ನು ಕೂರಿಸಿಕೊಂಡು ದಿನಾ ಹಾರುವವನಿಗೆ ಆ ದಿನದ ಅಳತೆ ಹಿಡಿಯಬಾರದು. ಅವನ ಕೆಲಸ ಎಲ್ಲರನ್ನೂ ವಾಪಸ್ ಕರೆತರುವುದು.

ಸೈನ್ಯದಲ್ಲಿ ಯೂನಿಯನ್ ಇಲ್ಲ, ಕಾನೂನೇ ಬಿಡುವುದಿಲ್ಲ. ಸರಿ. ಆದರೆ ಡ್ಯೂಟಿ ಪಟ್ಟಿ ಇಲ್ಲವಾ? ಗಾರ್ಡ್ ಪಟ್ಟಿ ಬರೆದ ಕೈ ನಿಮ್ಮದೇ. ಎರಡು ಗಂಟೆ ಪಹರೆ, ನಾಲ್ಕು ಗಂಟೆ ವಿಶ್ರಾಂತಿ. ಪಹರೆಯಲ್ಲಿ ನಿದ್ದೆ ಹೋದರೆ ಸೈನ್ಯದಲ್ಲಿ ಅದು ದೊಡ್ಡ ಅಪರಾಧ, ಹಾಗಾಗಿಯೇ ಎರಡು ಗಂಟೆಗೊಮ್ಮೆ ಬದಲಿ ಕಳಿಸುತ್ತೀರಿ. ಮನುಷ್ಯನ ಕಣ್ಣಿಗೆ ಒಂದು ಮಿತಿ ಇದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. 2015ರಲ್ಲಿ ‘ಒಂದು ಹುದ್ದೆ ಒಂದು ಪಿಂಚಣಿ’ಗಾಗಿ ಮಾಜಿ ಸೈನಿಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಜೂನ್‌ನಿಂದ ಕೂತರು. ಮೆಡಲ್ ಹಾಕಿಕೊಂಡು, ಬಿಸಿಲಲ್ಲಿ. ಸೆಪ್ಟೆಂಬರ್ 5ಕ್ಕೆ ಸರ್ಕಾರ ಘೋಷಣೆ ಮಾಡಿತು. ಅದು ಒಬ್ಬೊಬ್ಬರೇ ಅರ್ಜಿ ಹಾಕಿ ಸಿಕ್ಕಿದ್ದಲ್ಲ. ಒಟ್ಟಾಗಿ ಕೂತು ಕೇಳಿ ಪಡೆದದ್ದು. ಕೊಡಗಿನ ಎಷ್ಟೋ ಮನೆಗಳಿಗೆ ಅದರಿಂದ ಪಿಂಚಣಿ ಹೆಚ್ಚಾಯಿತು. ಪೈಲಟ್‌ಗಳು ಮಾಡುತ್ತಿರುವುದೂ ಅದನ್ನೇ.

ನಿಮ್ಮ ತೋಟಕ್ಕೆ ಬರುತ್ತೇನೆ. 1942ರ ಕಾಫಿ ಕಾಯ್ದೆಯಿಂದ ಶುರುವಾಗಿ ಐವತ್ತು ವರ್ಷ ನಾವು ಬೆಳೆದ ಕಾಫಿಯನ್ನು ನಾವೇ ಮಾರುವ ಹಾಗಿರಲಿಲ್ಲ. ಎಲ್ಲವೂ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಕಾಫಿ ಮಂಡಳಿಯೇ ಮಾರುತ್ತಿತ್ತು. ದುಡ್ಡು ಕಂತಿನಲ್ಲಿ, ಅದೂ ಯಾವಾಗಲೋ. 1992ರಿಂದ ಹಂತ ಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಬಿಡುಗಡೆ ಸಿಕ್ಕಿತು. ಅದಕ್ಕಾಗಿ ಬೆಳೆಗಾರರು ಎಷ್ಟು ಸಭೆ ಮಾಡಿದರು, ಎಷ್ಟು ಸಲ ಬೆಂಗಳೂರು, ದೆಹಲಿ ಅಂತ ಓಡಾಡಿದರು! ಆಗ ‘ಎಸ್ಟೇಟ್ ಇದ್ದವರಿಗೆ ಸಂಘ ಯಾಕೆ’ ಅಂತ ಯಾರಾದರೂ ಕೇಳಿದ್ದರೆ ನಮಗೆ ಸಿಟ್ಟು ಬರುತ್ತಿರಲಿಲ್ಲವಾ? ನಮ್ಮ ಊರಲ್ಲಿ ‘ಸಂಘ’ ಅಂದರೆ ಮರ್ಯಾದೆ, ‘ಯೂನಿಯನ್’ ಅಂದರೆ ಮೂಗು ಮುರಿಯುತ್ತೇವೆ. ಎರಡೂ ಒಂದೇ ಸುಬೇದಾರರೇ.

ಈಗ ಸಂಬಳ. ಕಂಪನಿಗಳಿಗೂ ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಇಂಧನ ದುಬಾರಿ, ಬಿಡಿಭಾಗ ಹೊರದೇಶದಿಂದ ಬರಬೇಕು, ಮಳೆಗಾಲದಲ್ಲಿ ಯಂತ್ರ ಸುಮ್ನೆ ನಿಂತಿರುತ್ತದೆ, ಟೆಂಡರ್ ಕಡಿಮೆ ದರದವನಿಗೇ ಹೋಗುತ್ತದೆ. ಆದರೆ ಸಂಬಳ ಎಷ್ಟು ಅನ್ನುವುದಕ್ಕಿಂತ ಸಂಬಳ ಹೇಗೆ ಕೊಡುತ್ತಾರೆ ಅನ್ನುವುದು ದೊಡ್ಡ ಪ್ರಶ್ನೆ. ಹಾರಿದ ಗಂಟೆಗೆ ಇಷ್ಟು ಭತ್ಯೆ ಅಂತ ಇದ್ದರೆ ಏನಾಗುತ್ತದೆ? ನಮಗೆ ಗೊತ್ತಿರುವ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕೆ.ಜಿ. ಲೆಕ್ಕದಲ್ಲಿ ಕೊಯ್ಲು ಕೊಟ್ಟ ದಿನ ಸಂಜೆ ಕಣದಲ್ಲಿ ಚೀಲ ಸುರಿದು ನೋಡಿ. ಕೆಂಪು ಹಣ್ಣಿನ ನಡುವೆ ಎಷ್ಟು ಹಸಿರು ಕಾಯಿ! ಗೆಲ್ಲಿಗೆ ಕೈ ಹಾಕಿ ಎಳೆದಿರುತ್ತಾರೆ, ಎಲೆಯೂ ಬಂದಿರುತ್ತದೆ. ಕೊಯ್ದವಳ ತಪ್ಪಲ್ಲ ಅದು. ಲೆಕ್ಕ ಹಾಗೆ ಇಟ್ಟವರು ನಾವು. ದಿನಗೂಲಿ ಕೊಟ್ಟು ಹಣ್ಣು ಮಾತ್ರ ಆರಿಸಿ ಅಂದರೆ ಅದೇ ಕೈ ನಿಧಾನವಾಗಿ ಆರಿಸುತ್ತದೆ. ಪೈಲಟ್ ವಿಷಯವೂ ಹಾಗೆಯೇ. ಹಾರಿದರೆ ಮಾತ್ರ ದುಡ್ಡು ಅಂತಾದರೆ ಮೋಡ ಕವಿದ ಬೆಳಿಗ್ಗೆ ‘ಒಂದು ಟ್ರಿಪ್ ನೋಡೋಣ’ ಅನ್ನಿಸುತ್ತದೆ. ಅದಕ್ಕೇ ಯೂನಿಯನ್‌ಗಳು ಭತ್ಯೆಗಿಂತ ನಿಗದಿ ಸಂಬಳ ಜಾಸ್ತಿ ಇರಲಿ ಅಂತ ಕೇಳುವುದು. ಅದರಲ್ಲಿ ದುರಾಸೆ ನನಗೆ ಕಾಣುವುದಿಲ್ಲ.

ಹೆಲಿಕಾಪ್ಟರ್ ಓಡಿಸುವುದು ಕಾರು ಓಡಿಸಿದ ಹಾಗಲ್ಲ. ಬಲಗೈಯಲ್ಲಿ ಒಂದು ಕೋಲು, ಎಡಗೈಯಲ್ಲಿ ಇನ್ನೊಂದು, ಎರಡು ಕಾಲಿಗೂ ಪೆಡಲ್. ಒಂದನ್ನು ಅಲ್ಲಾಡಿಸಿದರೆ ಉಳಿದದ್ದನ್ನೂ ಸರಿ ಮಾಡಿಕೊಳ್ಳಬೇಕು. ಮೈಯೆಲ್ಲ ನಡುಗಿಸುವ ಅದುರು. ಬೆಟ್ಟದ ಸಂದಿಯಲ್ಲಿ ಹಾರುವಾಗ ಕಣ್ಣೇ ಆಧಾರ. ಮಂಜಿನೊಳಗೆ ನುಗ್ಗಿದರೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಕಿವಿಯೊಳಗಿನ ಸಮತೋಲನವೇ ಸುಳ್ಳು ಹೇಳುತ್ತದೆ. ಕೇದಾರನಾಥದ ದಾರಿಯಲ್ಲಿ 2022ರ ಅಕ್ಟೋಬರ್ 18ರಂದು ಹೆಲಿಕಾಪ್ಟರ್ ಬಿದ್ದು ಏಳು ಜನ ಸತ್ತರು. 2025ರ ಜೂನ್ 15ರ ಮುಂಜಾನೆ ಗೌರಿಕುಂಡದ ಹತ್ತಿರ ಮತ್ತೆ ಏಳು ಜನ, ಒಂದು ಪುಟ್ಟ ಮಗುವೂ ಸೇರಿ. ಎರಡನೆಯದರ ಪೈಲಟ್ ಸೈನ್ಯದಿಂದ ನಿವೃತ್ತರಾದ ಅಧಿಕಾರಿ. ಅನುಭವಕ್ಕೆ ಕೊರತೆ ಇರಲಿಲ್ಲ. ಆ ಅಪಘಾತಗಳಿಗೆ ದಣಿವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅಂಥ ಜಾಗದಲ್ಲಿ ಹಾರುವವನ ತಲೆ ಎಷ್ಟು ತಿಳಿಯಾಗಿರಬೇಕು ಅಂತ ಯೋಚನೆ ಮಾಡಿ ಅಂತಷ್ಟೇ ಹೇಳುತ್ತಿದ್ದೇನೆ.

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. 17 ಗಂಟೆ ನಿದ್ದೆಯಿಲ್ಲದೆ ಇರುವವನ ಕೈ, ಕಣ್ಣು, ಗಮನ ಎಲ್ಲ ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಅಂತ ಗೊತ್ತಾಯಿತು. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಇರುವ ಮಿತಿ 0.03. ಅಂದರೆ ಕುಡಿದವನನ್ನು ಹಿಡಿದು ದಂಡ ಹಾಕುತ್ತೇವೆ, ದಣಿದವನನ್ನು ‘ಪಾಪ, ಕಷ್ಟಪಟ್ಟು ದುಡಿಯುತ್ತಾನೆ’ ಅಂತ ಹೊಗಳುತ್ತೇವೆ.

ಒಂದು ರಾತ್ರಿಯ ಮಾತು ಹೇಳುತ್ತೇನೆ. ಬೆಂಗಳೂರಿನಿಂದ ಮಡಿಕೇರಿಗೆ ಬಸ್ಸು. ನನಗೆ ಸಿಕ್ಕಿದ್ದು ಡ್ರೈವರ್ ಹಿಂದಿನ ಸೀಟು. ಹುಣಸೂರು ದಾಟಿದ ಮೇಲೆ ಅವನು ಜೇಬಿನಿಂದ ಹಸಿ ಶುಂಠಿ ತೆಗೆದು ಕಡಿದು ದವಡೆಗೆ ಇಟ್ಟುಕೊಂಡ. ಕುತ್ತಿಗೆ ಮೇಲೆ ಒದ್ದೆ ಬೈರಾಸು. ಅದನ್ನು ಆಗಾಗ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಪಿರಿಯಾಪಟ್ಟಣದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕೇಳಿದೆ, “ಏನಣ್ಣ, ನಿದ್ದೆ ಇಲ್ವಾ?” ಅವನು ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ, “ನಿನ್ನೆ ರಾತ್ರಿಯೂ ನಾನೇ ಸಾರ್. ಬದಲಿಯವನು ಬರಲಿಲ್ಲ. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ ಅಂತಾರೆ.” ಅಲ್ಲಿಂದ ಮುಂದೆ ನಾನು ಕಣ್ಣು ಮುಚ್ಚಲಿಲ್ಲ. ಕುಶಾಲನಗರದ ಸೇತುವೆ ದಾಟಿ ಘಾಟಿ ಏರುವವರೆಗೂ ಅವನ ಜೊತೆ ಮಾತಾಡುತ್ತಲೇ ಇದ್ದೆ, ಅವನ ಮಗಳ ಸ್ಕೂಲು, ಅವನ ಊರ ಜಾತ್ರೆ, ಬಾಯಿಗೆ ಬಂದದ್ದೆಲ್ಲ. ಹಿಂದೆ ನಲವತ್ತು ಜನ ಗೊರಕೆ ಹೊಡೆಯುತ್ತಿದ್ದರು.

‘ಆಗಲ್ಲ ಅಂದ್ರೆ ಬರಬೇಡ ಅಂತಾರೆ.’ ನನಗೆ ಇಡೀ ವಿಷಯ ಈ ಒಂದು ಮಾತಿನಲ್ಲಿದೆ. ಒಬ್ಬನೇ ‘ಆಗಲ್ಲ’ ಅಂದರೆ ಅದು ಅವಿಧೇಯತೆ. ಎಲ್ಲರೂ ಸೇರಿ ಮೊದಲೇ ಕೂತು, ‘ಇಷ್ಟು ಗಂಟೆ ಆದಮೇಲೆ, ಇಂಥ ಹವೆಯಲ್ಲಿ ಯಾರೂ ಹಾರುವುದಿಲ್ಲ, ಹಾರದವನ ಸಂಬಳ ಕಡಿಯುವ ಹಾಗಿಲ್ಲ’ ಅಂತ ಕಾಗದದಲ್ಲಿ ಬರೆಸಿಕೊಂಡರೆ ಅದು ನಿಯಮ.

2018ರ ಆಗಸ್ಟ್ ನೆನಪಿದೆಯಾ? ಮಕ್ಕಂದೂರು, ಕಾಲೂರು, ಜೋಡುಪಾಲ... ಗುಡ್ಡಗಳೇ ಇಳಿದು ಬಂದ ದಿನಗಳು. ಪರಿಹಾರ ಕೇಂದ್ರದಲ್ಲಿ ಒಬ್ಬ ಅಜ್ಜಿ ನನ್ನ ಪಕ್ಕ ಕೂತಿದ್ದರು. ಮಗ ಗುಡ್ಡದ ಆಚೆ ಸಿಕ್ಕಿಕೊಂಡಿದ್ದ. ಮೋಡದ ಒಳಗಿನಿಂದ ಹೆಲಿಕಾಪ್ಟರ್ ಸದ್ದು ಬಂತು. ಎಲ್ಲರೂ ಅಂಗಳಕ್ಕೆ ಓಡಿದರು. ಸದ್ದು ಸ್ವಲ್ಪ ಹೊತ್ತು ಸುತ್ತಿತು, ಆಮೇಲೆ ದೂರ ಹೋಯಿತು. ‘ಹೆದರಿ ಹೋದ’ ಅಂತ ಯಾರೋ ಬೈದರು. ಆ ದಿನ ನನಗೂ ಹಾಗೇ ಅನ್ನಿಸಿತು, ಮುಚ್ಚಿಡುವುದಿಲ್ಲ. ಸೈನಿಕರು ಕಾಲ್ನಡಿಗೆಯಲ್ಲಿ ಹೋಗಿ ಹಗ್ಗ ಕಟ್ಟಿ ಜನರನ್ನು ಕರೆತಂದರು, ಅಜ್ಜಿಯ ಮಗನೂ ಬಂದ. ಈಗ ಯೋಚಿಸಿದರೆ ವಾಪಸ್ ತಿರುಗಿಸಿದ ಆ ಪೈಲಟ್ ಮಾಡಿದ್ದೇ ಸರಿ. ಏನೂ ಕಾಣದ ಕಣಿವೆಗೆ ಇಳಿದಿದ್ದರೆ ಗುಡ್ಡದಡಿ ಸಿಕ್ಕವರ ಜೊತೆ ಅವನನ್ನೂ ಹುಡುಕಬೇಕಿತ್ತು. 2013ರಲ್ಲಿ ಉತ್ತರಾಖಂಡದ ಪ್ರವಾಹದಲ್ಲಿ ಪರಿಹಾರಕ್ಕೆ ಹೋದ ವಾಯುಪಡೆಯ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು 20 ಜನ ಹೋದರು.

ಯೂನಿಯನ್ ಅಂದಕೂಡಲೇ ಮುಷ್ಕರ ಅಂತ ನೀವು ಅಂದುಕೊಂಡಿದ್ದೀರಿ. ಮುಷ್ಕರ ಆಗಿದ್ದೂ ಉಂಟು. 1977ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ತೈಲಬಾವಿಗೆ ಹಾರುವ ಪೈಲಟ್ ಒಬ್ಬ ಬೇರೆ ದೇಶಕ್ಕೆ ವರ್ಗ ಮಾಡಿದಾಗ ಹೋಗಲ್ಲ ಅಂದ. ಕೆಲಸದಿಂದ ತೆಗೆದರು. ಜೊತೆಯವರು ಹಾರುವುದು ನಿಲ್ಲಿಸಿದರು. 2006ರಲ್ಲಿ ಅಮೆರಿಕದ ಮೆಕ್ಸಿಕೊ ಕೊಲ್ಲಿಯ ಕಡೆ ಇನ್ನೊಂದು. ಎರಡೂ ಸುಲಭದ ಹೋರಾಟ ಆಗಿರಲಿಲ್ಲ. ಆದರೆ ಹೆಚ್ಚಿನ ಕೆಲಸ ನಡೆಯುವುದು ಮೇಜಿನ ಮುಂದೆ. ಬೇಡಿಕೆ ಪಟ್ಟಿ, ಅದಕ್ಕೆ ಉತ್ತರ, ಮತ್ತೆ ಪಟ್ಟಿ. ಎಷ್ಟು ವಾರ ಕೆಲಸ, ಎಷ್ಟು ವಾರ ಮನೆ. ಪಟ್ಟಿ ಎಷ್ಟು ದಿನ ಮೊದಲು ಕೈಗೆ ಬರಬೇಕು. ಕರೆ ಬಂದರೆ ಹೊರಡಲು ಸಿದ್ಧನಾಗಿ ಕೂತ ಹೊತ್ತು ಡ್ಯೂಟಿಯಾ, ವಿಶ್ರಾಂತಿಯಾ? ಇಂಥ ಸಣ್ಣ ಸಣ್ಣ ಮಾತಿನ ಮೇಲೆ ಗಂಟೆಗಟ್ಟಲೆ ಚರ್ಚೆ. ಅಮೆರಿಕದಲ್ಲಿ ಏರ್ ಆಂಬುಲೆನ್ಸ್ ಓಡಿಸುವವರಲ್ಲಿ ಏಳು ದಿನ 12 ಗಂಟೆಯ ಪಾಳಿ, ಆಮೇಲೆ ಏಳು ದಿನ ರಜೆ ಅನ್ನುವ ಪದ್ಧತಿ ಸಾಮಾನ್ಯ. ನಮ್ಮಲ್ಲಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಮುಷ್ಕರಕ್ಕೆ 14 ದಿನದ ನೋಟಿಸ್ ಕೊಡಬೇಕು, ಹಲವು ಸಂಘಗಳಿದ್ದಲ್ಲಿ ಒಂದೇ ಸಂಘ ಮಾತುಕತೆಗೆ ಕೂರಬೇಕಾದರೆ ಅದಕ್ಕೆ 51 ಶೇಕಡಾ ಬೆಂಬಲ ಇರಬೇಕು. ದಿಢೀರ್ ಅಂತ ಯಾರೂ ಯಂತ್ರ ನಿಲ್ಲಿಸಿ ಎದ್ದು ಹೋಗುವುದಿಲ್ಲ.

ಡಿಸೆಂಬರ್ 2025ರಲ್ಲಿ ದೊಡ್ಡ ವಿಮಾನಗಳ ಕಥೆ ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ ನಿಯಮ. ಅದು ವಿಮಾನದವರಿಗೆ, ಹೆಲಿಕಾಪ್ಟರ್‌ಗೆ ಬೇರೆ ನಿಯಮ ಇದೆ. ಆ ವಿಶ್ರಾಂತಿಯ ನಿಯಮಕ್ಕಾಗಿ ಪೈಲಟ್ ಸಂಘಗಳು ದೆಹಲಿ ಹೈಕೋರ್ಟ್‌ವರೆಗೆ ಹೋಗಿದ್ದವು. ತಯಾರಿಗೆ ವರ್ಷದ ಮೇಲೆ ಸಮಯ ಇತ್ತು. ಆದರೂ ದೇಶದ ಅತಿ ದೊಡ್ಡ ವಿಮಾನ ಕಂಪನಿಯಲ್ಲಿ ಸಾವಿರಾರು ಹಾರಾಟ ರದ್ದಾದವು, ಕೊನೆಗೆ ಸಡಿಲವಾದದ್ದು ವಿಶ್ರಾಂತಿಯ ನಿಯಮವೇ! ನನಗೆ ಆ ವಾರ ಊಟ ಸೇರಲಿಲ್ಲ.

ಇದು ಬರೀ ಆಕಾಶದ ಮಾತೂ ಅಲ್ಲ. ವಾರಾಂತ್ಯ ಬಂದರೆ ಮಾಂದಲಪಟ್ಟಿಗೆ ನಸುಕಿನಿಂದ ಕತ್ತಲಾಗುವವರೆಗೆ ಜೀಪು ಏರಿಸುವ ನಮ್ಮ ಹುಡುಗರನ್ನು ನೋಡಿ. ಹೋಂಸ್ಟೇಯಲ್ಲಿ ರಾತ್ರಿ ಎರಡಕ್ಕೆ ಪಾತ್ರೆ ತೊಳೆದು ಬೆಳಿಗ್ಗೆ ಆರಕ್ಕೆ ಕಡುಬು ಬೇಯಿಸುವ ಹೆಣ್ಣುಮಕ್ಕಳನ್ನು ನೋಡಿ. ಮಡಿಕೇರಿಯಿಂದ ಮೈಸೂರಿಗೆ ರೋಗಿ ಹೊತ್ತು ಓಡುವ ಆಂಬುಲೆನ್ಸ್ ಡ್ರೈವರ್‌ಗಳನ್ನು ನೋಡಿ, ಸುಮಾರು 120 ಕಿಲೋಮೀಟರ್. 2019ರಲ್ಲಿ ಕೊಡಗಿಗೆ ಒಂದು ತುರ್ತು ಆಸ್ಪತ್ರೆ ಬೇಕು ಅಂತ ಯುವಕರು ಜಾಲತಾಣದಲ್ಲಿ ಕೂಗೆಬ್ಬಿಸಿದ್ದು ಸುಮ್ನೆ ಅಲ್ಲ. ಇವರಲ್ಲಿ ಎಷ್ಟೋ ಜನರಿಗೆ ಡ್ಯೂಟಿ ಪಟ್ಟಿ ಇಲ್ಲ, ಕೇಳಲು ಸಂಘವೂ ಇಲ್ಲ. ಲೈನ್ ಮನೆಯವರಿಗೆ ಯೂನಿಯನ್ ಬೇಕು ಅಂದಿರಲ್ಲ ಸುಬೇದಾರರೇ, 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಶಿಶುವಿಹಾರ, ಆಸ್ಪತ್ರೆ ಅಂತೆಲ್ಲ ಬರೆದಿಟ್ಟು ಎಷ್ಟು ವರ್ಷವಾಯಿತು? ಅದನ್ನು ಕೇಳಿದವರನ್ನು ನಮ್ಮ ಬೆಳೆಗಾರರು ಎಷ್ಟು ಪ್ರೀತಿಯಿಂದ ಕಂಡರು? ಮುಂದಿನ ಪತ್ರದಲ್ಲಿ ಅದನ್ನೂ ಬರೆಯಿರಿ, ಖಂಡಿತ ಹಾಕುತ್ತೇನೆ.

ಮೊಮ್ಮಗನ ವಿಷಯ. ಕಳಿಸಿ. ಅದು ಒಳ್ಳೆಯ ಕೆಲಸ. ಆದರೆ ತರಬೇತಿಗೆ ಲಕ್ಷಗಟ್ಟಲೆ ಬೇಕು. ತೋಟ ಅಡವಿಟ್ಟು ಸಾಲ ಮಾಡಿದರೆ ಆ ಸಾಲ ಅವನ ಹೆಗಲ ಮೇಲೆ ಕೂತಿರುತ್ತದೆ, ಮಂಜಿನ ಬೆಳಿಗ್ಗೆ ಅವನ ಬಾಯಿಂದ ‘ಆಗಲ್ಲ’ ಬರುವುದು ಇನ್ನೂ ಕಷ್ಟ. ಆದಷ್ಟು ಕಡಿಮೆ ಸಾಲ ಮಾಡಿ. ಮೊದಲ ಕೆಲಸದ ಕಾಗದಕ್ಕೆ ಸಹಿ ಹಾಕುವ ಮೊದಲು ಅವನು ಕೇಳಬೇಕಾದದ್ದು: ಹಾರದ ದಿನಕ್ಕೆ ಸಂಬಳ ಎಷ್ಟು? ಹವೆ ಸರಿಯಿಲ್ಲ ಅಂತ ಪೈಲಟ್ ಹೇಳಿದ ಮೇಲೆ ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ? ಇಲ್ಲಿ ಪೈಲಟ್‌ಗಳ ಸಂಘ ಇದೆಯಾ? ಹುಡುಗನನ್ನು ಕರೆದುಕೊಂಡು ಒಂದು ದಿನ ಕಚೇರಿಗೆ ಬನ್ನಿ. ಸಂಬಳ, ಪಾಳಿಯ ಕಾಗದ ಓದುವುದು ಹೇಗೆ ಅಂತ ಜೊತೆಗೆ ಕೂತು ನೋಡೋಣ. ಗುರುವಾರ ಸಂಚಿಕೆ ಮುಗಿದಿರುತ್ತದೆ, ಮಧ್ಯಾಹ್ನದ ಮೇಲೆ ನಾನು ಇರುತ್ತೇನೆ.

– ಸಂಪಾದಕ