ಕಿಟಕಿ ಕಾಣಲ್ಲ, ಬೆಳಕು ಮಾತ್ರ ತುಂಬಿರುತ್ತೆ

ಪ್ರಶ್ನೆ: ಸರ್, ನಾನು ಆರ್ಕಿಟೆಕ್ಚರ್ ಎರಡನೇ ವರ್ಷ. ಫಿನ್‌ಲ್ಯಾಂಡಿನ ಮ್ಯೂರ್‌ಮ್ಯಾಕಿ ಚರ್ಚಿನ ಫೋಟೊ ನೋಡ್ದೆ, ಬಿಳಿ ಗೋಡೆಗಳು, ತುಂಬಾ ದೀಪ ನೇತಾಕಿದಾರೆ, ಅಷ್ಟು ಬೆಳಕು ಎಲ್ಲಿಂದ ಬರುತ್ತೆ ಗೊತ್ತಾಗ್ಲಿಲ್ಲ. ಯಾರು ಕಟ್ಟಿದ್ದು?

ಉತ್ತರ: ಯುಹಾ ಲೇವಿಸ್ಕಾ ಅಂತ, 1936ರಲ್ಲಿ ಹೆಲ್ಸಿಂಕಿಲಿ ಹುಟ್ಟಿದವ್ರು, 2023ರಲ್ಲಿ ತೀರ್ಕೊಂಡ್ರು. ನನ್ನ ಲೆಕ್ಕದಲ್ಲಿ ಬೆಳಕನ್ನ ಇಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡ ಆರ್ಕಿಟೆಕ್ಟ್‌ಗಳು ಬಹಳ ಕಮ್ಮಿ.

ಈ ಚರ್ಚ್ ಇರೋದು ಹೆಲ್ಸಿಂಕಿ ಪಕ್ಕದ ವಾಂಟಾದಲ್ಲಿ, 1984ರಲ್ಲಿ ಮುಗೀತು. ಸೈಟ್ ಏನೂ ಚೆನ್ನಾಗಿರ್ಲಿಲ್ಲ, ಒಂದ್ ಕಡೆ ರೈಲ್ವೆ ಲೈನು ಇನ್ನೊಂದ್ ಕಡೆ ಬರ್ಚ್ ಮರಗಳ ಪಾರ್ಕು, ನಡುವೆ ಉದ್ದಕ್ಕೆ ಪಟ್ಟಿ ತರ ಜಾಗ. ಹಂಗಾಗಿ ರೈಲಿನ ಕಡೆಗೆ ಬೆನ್ನು ಮಾಡಿ ಇಟ್ಟಿಗೆ ಗೋಡೆ ಎಬ್ಬಿಸಿ, ಪಾರ್ಕಿನ ಕಡೆ ಪೂರ್ತಿ ತೆರೆದ್ರು. ಅಲ್ಲಿ ಒಂದೇ ಉದ್ದ ಗೋಡೆ ಇಲ್ಲ, ಎತ್ತರದ ಗೋಡೆ ತುಂಡುಗಳನ್ನ ಹಿಂದೆ ಮುಂದೆ ಜರುಗಿಸಿ ನಿಲ್ಸಿದಾರೆ, ಮಧ್ಯದ ಸಂದಲ್ಲಿ ಗಾಜು. ಕೂತವ್ರಿಗೆ ಗಾಜು ಜಾಸ್ತಿ ಕಾಣಲ್ಲ, ಬೆಳಕು ಗೋಡೆ ಮೇಲೆ ಸವರ್ಕೊಂಡು ಒಳಗ್ ಬರೋದಷ್ಟೇ ಕಾಣುತ್ತೆ, ಹೊತ್ತು ಹೋದಂಗೆ ಜಾಗ ಬದಲಾಯಿಸುತ್ತೆ. ಆ ದೀಪಗಳ ಡಿಸೈನೂ ಅವ್ರದ್ದೇ, ಚಳಿಗಾಲದಲ್ಲಿ ಅಲ್ಲಿ ಹಗಲು ಅಂದ್ರೆ ಬರೀ ಕೆಲವು ಗಂಟೆ ಅಲ್ವಾ, ಅವಾಗ ಅವು ಬೇಕೇ ಬೇಕು.

ಅವ್ರದ್ದೇ ಇನ್ನೊಂದನ್ನ ಖಂಡಿತ ನೋಡಿ, ಕುವೊಪಿಯೊ ಊರಿನ ಮ್ಯಾನಿಸ್ಟೊ ಚರ್ಚ್, 1992ರದ್ದು. ಆಲ್ಟರ್ (ಪೂಜಾ ವೇದಿಕೆ) ಹಿಂದಿನ ಗೋಡೆ ಮೇಲೆ ತೆಳು ಬಣ್ಣ ಬಿದ್ದಿರುತ್ತೆ, ಆದ್ರೆ ಅಲ್ಲಿ ಪೇಂಟೇ ಇಲ್ಲ! ಕಲಾವಿದ ಮಾರ್ಕು ಪ್ಯಾಕೊನೆನ್ ಬಣ್ಣ ಬಳಿದಿರೋದು ಜನಕ್ಕೆ ಕಾಣದ ಹಿಂಬದಿ ಮೈಗಳಿಗೆ, ಬಿಸಿಲು ಅದಕ್ಕೆ ತಾಗಿ ಬಿಳಿ ಗೋಡೆಗೆ ಬಣ್ಣ ಚೆಲ್ಲುತ್ತೆ. ಮೋಡ ಬಂದ್ರೆ ಮಾಯ. ನನಗಂತೂ ಲೇವಿಸ್ಕಾ ಅವ್ರ ಕೆಲಸದಲ್ಲಿ ಇದೇ ಎಲ್ಲಕ್ಕಿಂತ ಇಷ್ಟ.

ಇದೆಲ್ಲಾ ಎಲ್ಲಿಂದ ಬಂತು ಅಂದ್ರೆ, ಒಂದು ದಕ್ಷಿಣ ಜರ್ಮನಿಯ ಹಳೇ ಬರೋಕ್ (ತುಂಬಾ ಅಲಂಕಾರದ ಶೈಲಿ) ಚರ್ಚುಗಳು, ಅಲ್ಲೂ ಬೆಳಕಿನ ಮೂಲ ಮುಚ್ಚಿಟ್ಟಿರ್ತಾರೆ. ಇನ್ನೊಂದು ಸಂಗೀತ, ಅವ್ರೇ ಒಳ್ಳೆ ಪಿಯಾನೊ ನುಡಿಸ್ತಿದ್ರು, ಆರ್ಕಿಟೆಕ್ಚರ್ ಚಿತ್ರಕಲೆಗಿಂತ ಸಂಗೀತಕ್ಕೆ ಹತ್ತಿರ ಅಂತ ನಂಬಿದ್ರು. 1995ರಲ್ಲಿ ಕಾರ್ಲ್ಸ್‌ಬರ್ಗ್ ಆರ್ಕಿಟೆಕ್ಚರ್ ಪ್ರಶಸ್ತಿ ಬಂತು. ಬರೀ ಚರ್ಚ್ ಅಲ್ಲ, ಹೆಲ್ಸಿಂಕಿಲಿ ವಲ್ಲಿಲಾ ಲೈಬ್ರರಿ, ಜರ್ಮನ್ ರಾಯಭಾರ ಕಚೇರಿ ಕೂಡ ಮಾಡಿದಾರೆ.

ನೀವು ಸ್ಟೂಡೆಂಟ್ ಆಗಿರೋದ್ರಿಂದ ಹೇಳ್ತೀನಿ, ಫೋಟೊ ನೋಡಿದ್ದು ಸಾಕು, ಮ್ಯೂರ್‌ಮ್ಯಾಕಿ ಪ್ಲಾನ್ ಹುಡುಕಿ ಟ್ರೇಸಿಂಗ್ ಪೇಪರ್ ಮೇಲೆ ಕೈಯಲ್ಲೇ ಎಳೀರಿ. ಯಾವ ಗೋಡೆ ಎಷ್ಟು ಹಿಂದೆ ಸರಿದಿದೆ, ಗಾಜು ಯಾವ ಕಡೆ ಮುಖ ಮಾಡಿದೆ ಅನ್ನೋದು ಅವಾಗ ಸರಿಯಾಗ್ ಗೊತ್ತಾಗುತ್ತೆ.